ಎಡಗೈ ಹೆಬ್ಬೆರಳು

ರೀಗಾದಲ್ಲಿ ಡಿಸೆಂಬರಿನ ಹಗಲೆಂದರೆ
ಮುಚ್ಚಳ ಅರ್ಧ ತೆರೆದ ಡಬ್ಬಿ.
ನಾಲ್ಕಕ್ಕೆಲ್ಲ ಕತ್ತಲು. ಮೋಡ ಮುಚ್ಚಿ ಮೂರು ವಾರವಾಯಿತು,
ಆಕಾಶದಲ್ಲಿ ಒಂದೂ ಚುಕ್ಕಿಯಿಲ್ಲ.
ಇರುವುದೆಲ್ಲ ನನ್ನ ಪರದೆಯ ಮೇಲೆ,
ಐದೈದರ ಸಾಲಿನಲ್ಲಿ, ಹಳದಿ.

ಏನು ಕೆಲಸ ಎಂದು ಕೇಳಿದವರಿಗೆ
ಚುಕ್ಕಿ ಗುಡಿಸುತ್ತೇನೆ ಎನ್ನುತ್ತೇನೆ.
ನಗುತ್ತಾರೆ. ನಗಲಿ.

ಮೊದಲು ಹೀಗಿರಲಿಲ್ಲ.
ಕೊಂಡವನು ಬರೆದದ್ದು ಮಾರಿದವಳಿಗೆ ಆಗಲೇ ಕಾಣುತ್ತಿತ್ತು,
ಅವಳದು ಅವನಿಗೆ.
ನಡೆದದ್ದೆಲ್ಲ ಬರೀ ಮುಯ್ಯಿ.
ಮದುವೆಮನೆಯ ಮುಯ್ಯಿ: ಐದಿಟ್ಟೆಯಾ, ತಗೋ ಐದು.
ಹಗೆಯ ಮುಯ್ಯಿ: ಒಂದಿಟ್ಟೆಯಾ, ತಗೋ ಒಂದು.
ನಿಜ ಹೇಳಬೇಕಾದವನು ನಡುವೆ
ಬಾಯಿಗೆ ಬೀಗ ಜಡಿದುಕೊಂಡು ಎದ್ದು ಹೋಗುತ್ತಿದ್ದ.

ಈಗ ಇಬ್ಬರದೂ ಮುಚ್ಚಿದ ಲಕೋಟೆ.
ಇಬ್ಬರೂ ಬರೆದು ಮುಗಿಸಬೇಕು,
ಇಲ್ಲವೇ ಹದಿನಾಲ್ಕು ದಿನ ಕಳೆಯಬೇಕು.
ಆಮೇಲೆ ಒಂದೇ ಗಳಿಗೆಗೆ ಎರಡೂ ಒಡೆಯುತ್ತವೆ;
ಒಡೆದದ್ದನ್ನು ತಿದ್ದುವಂತಿಲ್ಲ.

ಆದರೂ ಕಸ ಬೀಳುತ್ತದೆ.
ಮೊನ್ನೆ ವಾರ್ಸಾದ ಒಬ್ಬ ಬರೆದಿದ್ದ:
ಅರ್ಧ ದುಡ್ಡು ವಾಪಸು ಕೊಡು, ಇಲ್ಲವೇ ಒಂದು ಇಡುತ್ತೇನೆ.
ಅವನ ಬೆದರಿಕೆಯೇ ಅವನ ಮೇಲೆ ಸಾಕ್ಷಿ.
ಅಂಥದ್ದನ್ನು ಗುಡಿಸುವಾಗ ಕೈಗೊಂದು ಸುಖ.

ಕುಲ್ದೀಗಾದ ಜಿದ್ರಾ ಅಜ್ಜಿಯದು ಹಾಗಲ್ಲ.
ಅವಳು ಮಾರುವುದು ಮರದ ಗುಂಡಿ, ಹೆಣೆದ ಕೈಗವಸು.
ಮುಂಗೈ ತುಂಬ ಎಂಟು ಮೊನೆಯ ಬೆಳ್ಳಿಚುಕ್ಕಿ,
ಇರುಳಿನ ಕೆಡುಕನ್ನು ಅದು ಹತ್ತಿರ ಬಿಡುವುದಿಲ್ಲವಂತೆ.
ನಾರ್ವೆಯ ಬೂಡೋದಿಂದ ಹಾಲ್ವರ್ ಎಂಬೊಬ್ಬ
ಒಂದು ಜೊತೆ ತರಿಸಿಕೊಂಡ.
ಹದಿಮೂರನೆಯ ದಿನ ಲಕೋಟೆ ಒಡೆಯಿತು.

ಅವಳದು, ಐದು:
"ಕೂಡಲೇ ದುಡ್ಡು ಕಳಿಸಿದ. ನನ್ನ ಮಂಡಿನೋವು ಹೇಗಿದೆ ಅಂತ ಕೇಳಿದ."
ಅವನದು, ಎರಡು:
"ಎಡಗೈ ಹೆಬ್ಬೆರಳು ಒಂದು ಉಗುರಿನಷ್ಟು ಗಿಡ್ಡ. ಬೆಚ್ಚಗಿದೆ."

ಮುಂದಿನ ಭಾನುವಾರ, ಒಂಬತ್ತರಿಂದ ಹತ್ತರೊಳಗೆ,
ಮೂವತ್ತೊಂದು ಜನ ತಲಾ ಒಂದು ಗುಂಡಿ ಕೊಂಡು
ಮೂವತ್ತೊಂದು ಐದು ಸುರಿದರು.
"ಸೊಗಸು." "ತುಂಬಾ ಸೊಗಸು." "ಸೊಗಸೋ ಸೊಗಸು."
ಒಂದೇ ಮನೆಯ ವೈಫೈ, ಒಂದೇ ಕಾರ್ಡು.
ಮೊಮ್ಮಗ ರೈಟಿಸ್, ಹದಿನಾರು ವರ್ಷ.
ಕೊಂಡವನೂ ಅವನೇ,
ಅಜ್ಜಿಯ ಪರವಾಗಿ ಲಕೋಟೆ ಅಂಟಿಸಿದವನೂ ಅವನೇ.

ಪ್ರೀತಿ ಸುಳ್ಳಲ್ಲ. ಲೆಕ್ಕ ಸುಳ್ಳು.
ಮೂವತ್ತೊಂದನ್ನೂ ಗುಡಿಸಿದೆ.
ಹಾಲ್ವರನ ಎರಡು ಹಾಗೇ ಉಳಿಯಿತು.
ಸುಳ್ಳು ಹೋಗಬೇಕು, ಕಹಿ ಇರಬಹುದು;
ನಮ್ಮ ನಿಯಮ ಇಷ್ಟೇ ಚಿಕ್ಕದು.

"ಅದನ್ನೂ ಎತ್ತಿಬಿಡೇ, ಪಾಪ," ಎಂದಳು
ಪಕ್ಕದ ಮೇಜಿನ ಗುಂಡೆಗಾ, ಕಾಫಿ ಊದುತ್ತ.
ಕರ್ಸರು ಅಲ್ಲೇ ಮಿಟುಕುತ್ತಿತ್ತು.
ಎತ್ತಲಿಲ್ಲ. ದೊಡ್ಡಸ್ತಿಕೆಯೇನಲ್ಲ, ಅಂಜಿಕೆ.
ಪಾಪ ಎಂದು ಒಮ್ಮೆ ತಕ್ಕಡಿ ಮುಟ್ಟಿದ ಬೆರಳು
ನಾಳೆ ತಾನೇ ಒಂದು ಬಟ್ಟಾಗಿ ಕೂರುತ್ತದೆ.

ಶುಕ್ರವಾರ ನಮ್ಮ ದೂರಿನ ಪೆಟ್ಟಿಗೆಗೆ ಅಜ್ಜಿಯ ಪತ್ರ:
"ಹುಡುಗನ ಕಿವಿ ಹಿಂಡಿದ್ದೇನೆ.
ಗುಂಡಿಗಳನ್ನೆಲ್ಲ ಅವನಿಂದಲೇ ಎಣಿಸಿ ಡಬ್ಬಿಗೆ ಹಾಕಿಸಿದೆ,
ಒಂದು ಕಡಿಮೆ ಬಂತು, ಸಿಗುತ್ತದೆ ಬಿಡಿ.
ಹೆಬ್ಬೆರಳು ಗಿಡ್ಡವೇ. ಆ ವಾರ ಕನ್ನಡಕ ರಿಪೇರಿಗೆ ಹೋಗಿತ್ತು,
ಬೆರಳನ್ನೇ ನಂಬಿ ಹೆಣೆದೆ.
ಎಡಗೈ ಮತ್ತೆ ಹೆಣೆಯುತ್ತಿದ್ದೇನೆ.
ಒಂದೇ ಕೈ ಕಳಿಸುವುದಕ್ಕೆ ನಿಮ್ಮಲ್ಲಿ ಯಾವುದನ್ನು ಒತ್ತಬೇಕು?"

ಹುಡುಕಿದೆ. ಅಂಥದ್ದೇನೂ ಇಲ್ಲ ನಮ್ಮಲ್ಲಿ.
ಅಂಚೆ ಕಚೇರಿಗೆ ಹೋಗಿ ಎಂದು ಬರೆದೆ,
ಅಡಿಯಲ್ಲಿ ಹೆಸರು ಹಾಕುವಂತಿಲ್ಲ, ಹಾಕಲಿಲ್ಲ.

ಅಲ್ಲಿ ನಾವು ಏನನ್ನೂ ಕೊಳ್ಳುವಂತಿಲ್ಲ, ಅದೂ ನಿಯಮ.
ಸೇತುವೆಯ ಈಚೆ ಟ್ರಾಮಿಗೆ ಕಾಯುತ್ತ
ಬರಿಗೈ ಜೇಬಿಗೆ ತುರುಕಿ ನಿಂತೆ,
ಹೆಬ್ಬೆರಳನ್ನು ಮಡಚಿ
ಉಳಿದ ನಾಲ್ಕರ ಒಳಗೆ.